ಬಾವಿ ಇರುವ ಮನೆಯ ಕಸ: ಕರಾವಳಿ ಮತ್ತು ಘಟ್ಟದ ಮನೆಗಳಿಗೆ ಒಂದು ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗೆ ಕಡಲ ಪಕ್ಕದ ಊರುಗಳಲ್ಲಿ ಬಾವಿಗಳು ಆಳ ಇರುವುದಿಲ್ಲ. ಮರಳು ನೆಲ. ಮಳೆಗಾಲದಲ್ಲಿ ನೀರು ಕಟ್ಟೆಯ ಹತ್ತಿರಕ್ಕೇ ಬಂದು ನಿಂತಿರುತ್ತದೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಹೋದರೆ ಕೆಂಪು ಚಿರೇಕಲ್ಲಿನ ನೆಲ. ಅದೂ ತೂತು ತೂತು. ಮೇಲೆ ಬಿದ್ದ ನೀರನ್ನು ಸಲೀಸಾಗಿ ಕೆಳಗೆ ಬಿಡುತ್ತದೆ. ಕರಾವಳಿಗೆ ವರ್ಷಕ್ಕೆ 3 ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದೂ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಹಿತ್ತಲಲ್ಲಿ ನಾವು ಹೂತಿದ್ದರ ರಸ ಅದೇ ಹಿತ್ತಲಿನ ಬಾವಿಗೆ ಇಳಿಯಲು ಹೆಚ್ಚು ಕಾಲ ಬೇಡ.

ಕಸ ವಿಲೇವಾರಿಯ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ದೊಡ್ಡ ಪೇಟೆಯ ಫ್ಲ್ಯಾಟ್‌ಗಳಿಗೆ ಬರೆದವು. ನಮ್ಮಲ್ಲಿ ಹಿತ್ತಲಿದೆ, ಬಚ್ಚಲೊಲೆ ಇದೆ, ತೋಟ ಇದೆ, ಪಕ್ಕದಲ್ಲೇ ಹಳ್ಳವೋ ಹೊಳೆಯೋ ಕಡಲೋ ಇದೆ. ಹಾಗಾಗಿ ಬೇಡದ್ದನ್ನು ಎಸೆಯುವುದು, ಹೂಳುವುದು, ಒಲೆಗೆ ಹಾಕುವುದು ನಮಗೆ ರೂಢಿ. ಸೊಪ್ಪು, ಸಿಪ್ಪೆ, ಕರಟಕ್ಕೆ ಆ ರೂಢಿ ಸರಿಯಾಗಿಯೇ ಇತ್ತು. ಈಗ ಅದೇ ಹೊಂಡಕ್ಕೆ ಡೈಪರ್ ಬೀಳುತ್ತಿದೆ, ಟ್ಯೂಬ್‌ಲೈಟ್ ಬೀಳುತ್ತಿದೆ, ಅವಧಿ ಮುಗಿದ ಮಾತ್ರೆ ಬೀಳುತ್ತಿದೆ. ರೂಢಿಯನ್ನು ಎಲ್ಲಿ ಬದಲಾಯಿಸಬೇಕು, ಎಲ್ಲಿ ಹಾಗೇ ಇಟ್ಟುಕೊಳ್ಳಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲ ಕೆಲಸ: ಅಪಾಯದ ಕಸಕ್ಕೆ ಒಂದು ಡಬ್ಬ

ಕಸ ಬೇರೆ ಮಾಡುವುದು ಅಂದ ಕೂಡಲೇ ಎಲ್ಲರೂ ಹಸಿ ಕಸ, ಒಣ ಕಸ ಅಂತ ಶುರು ಮಾಡುತ್ತಾರೆ. ನಮ್ಮ ಕಡೆ ಮೊದಲು ಮಾಡಬೇಕಾದ್ದು ಅದಲ್ಲ ಅಂತ ನನಗೆ ಅನಿಸುತ್ತದೆ. ತೆಂಗಿನ ಬುಡ, ಗೊಬ್ಬರಗುಂಡಿ ಇರುವ ಮನೆಗೆ ಹಸಿ ಕಸ ದೊಡ್ಡ ಸಮಸ್ಯೆ ಅಲ್ಲ. ಮೊದಲು ಬೇರೆ ತೆಗೆಯಬೇಕಾದ್ದು ವಿಷದ ಕಸ. ಅದು ಇರುವುದೇ ಸ್ವಲ್ಪ. ತಿಂಗಳಿಗೆ ಒಂದು ಬೊಗಸೆ ಆದರೆ ಹೆಚ್ಚು. ಆದರೆ ಆ ಬೊಗಸೆ ಉಳಿದದ್ದರ ಜೊತೆ ಸೇರಿದರೆ ಗೊಬ್ಬರವೂ ಕೆಟ್ಟಿತು, ಗುಜರಿಗೆ ಹೋಗಬೇಕಾದ್ದೂ ಕೆಟ್ಟಿತು.

ಗಟ್ಟಿ ಮುಚ್ಚಳ ಇರುವ ಒಂದು ಹಳೆಯ ಬಕೆಟ್ ಅಥವಾ ದೊಡ್ಡ ಡಬ್ಬ ತೆಗೆದುಕೊಳ್ಳಿ. ಮೇಲೆ ಕೆಂಪು ಬಣ್ಣದಲ್ಲಿ 'ಅಪಾಯ' ಅಂತ ಬರೆಯಿರಿ. ಮಳೆ ನೀರು ತಾಗದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಒಲೆಯ ಹತ್ತಿರ ಬೇಡ. ಇದಕ್ಕೆ ಹೋಗಬೇಕಾದವು: ಬ್ಯಾಟರಿ ಸೆಲ್, ಕೆಟ್ಟ ಸಿಎಫ್‌ಎಲ್ ಬಲ್ಬು, ಪಾದರಸದ ಥರ್ಮಾಮೀಟರ್, ಅವಧಿ ಮುಗಿದ ಔಷಧಿ, ಸೂಜಿ, ಸೊಳ್ಳೆ ಮತ್ತು ಜಿರಲೆ ಔಷಧಿಯ ಡಬ್ಬ, ಇಲಿ ಪಾಷಾಣದ ಪೊಟ್ಟಣ, ಬಣ್ಣ ಮತ್ತು ಥಿನ್ನರ್ ಡಬ್ಬ, ಹಳೆಯ ಮೊಬೈಲು, ಚಾರ್ಜರ್. ಟ್ಯೂಬ್‌ಲೈಟ್ ಡಬ್ಬದಲ್ಲಿ ಹಿಡಿಯುವುದಿಲ್ಲ. ಹೊಸದು ಬಂದ ರಟ್ಟಿನ ಕವಚದಲ್ಲೇ ಹಳೆಯದನ್ನು ಹಾಕಿ ಅಟ್ಟದ ಮೂಲೆಗೆ ಇಡಿ.

ಕೆಲವು ವಸ್ತುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು.

*ಟ್ಯೂಬ್‌ಲೈಟ್, ಸಿಎಫ್‌ಎಲ್.* ಇವುಗಳೊಳಗೆ ಪಾದರಸ ಇದೆ. ಒಂದು ಸಿಎಫ್‌ಎಲ್‌ನಲ್ಲಿ ಇರುವುದು ಕೆಲವೇ ಮಿಲಿಗ್ರಾಂ, ಆದರೆ ಒಡೆದಾಗ ಅದು ಆವಿಯಾಗಿ ಕೋಣೆಯಲ್ಲಿ ಹರಡುತ್ತದೆ. ಒಡೆದರೆ ಮೊದಲು ಮಕ್ಕಳನ್ನು, ಬೆಕ್ಕು ನಾಯಿಗಳನ್ನು ಹೊರಗೆ ಕಳಿಸಿ. ಫ್ಯಾನ್ ಆರಿಸಿ. ಕಿಟಕಿ ತೆರೆದು 10-15 ನಿಮಿಷ ನೀವೂ ಹೊರಗಿರಿ. ಆಮೇಲೆ ದಪ್ಪ ರಟ್ಟಿನ ಎರಡು ತುಂಡಿನಿಂದ ಚೂರುಗಳನ್ನು ಎತ್ತಿ. ಪುಡಿಯನ್ನು ಅಂಟು ಟೇಪ್‌ನಿಂದ ಒತ್ತಿ ತೆಗೆಯಿರಿ. ಕೊನೆಗೆ ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಉಪ್ಪಿನಕಾಯಿ ಬಾಟಲಿಯಂಥ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಪೊರಕೆ ಹಿಡಿಯಬೇಡಿ, ಪಾದರಸ ಇನ್ನೂ ಹರಡುತ್ತದೆ, ಆಮೇಲೆ ಅದೇ ಪೊರಕೆ ಅಡುಗೆ ಮನೆಗೂ ಹೋಗುತ್ತದೆ. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಪಾದರಸ ಇಲ್ಲ, ಆದರೂ ಅದು ಹೋಗಬೇಕಾದ್ದು ಇ-ತ್ಯಾಜ್ಯದ ಜೊತೆಗೇ.

*ಗುಂಡಿಯಂಥ ಸಣ್ಣ ಸೆಲ್.* ಕೈಗಡಿಯಾರ, ಆಟಿಕೆ, ರಿಮೋಟ್‌ಗಳಲ್ಲಿ ಇರುತ್ತದಲ್ಲ, ಅದು. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಆಗಬಹುದು. 'ನಾಳೆ ಬೆಳಿಗ್ಗೆ ಸಂಡಾಸಿಗೆ ಹೋದಾಗ ಬರುತ್ತದೆ' ಅಂತ ಕಾಯಬೇಡಿ. ವಾಂತಿ ಮಾಡಿಸಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ, ಬೇಕಾದರೆ 108ಕ್ಕೆ ಕರೆ ಮಾಡಿ. ಬಳಸಿದ ಸೆಲ್ಲಿನ ಎರಡೂ ಬದಿಗೆ ಟೇಪ್ ಸುತ್ತಿ ಕೂಡಲೇ ಡಬ್ಬಕ್ಕೆ ಹಾಕುವುದು ರೂಢಿಯಾಗಲಿ. ಮೇಜಿನ ಮೇಲೆ ಬಿಡಬೇಡಿ.

*ಸೂಜಿ.* ಸಕ್ಕರೆ ಕಾಯಿಲೆಗೆ ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಈಗ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಬಳಸಿದ ಸೂಜಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹೋದರೆ ಅದು ಚುಚ್ಚುವುದು ಕಸ ಬೇರೆ ಮಾಡುವ ಹೆಂಗಸಿನ ಬೆರಳಿಗೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಹೀಗೆ ಹರಡಬಹುದು. ಫಿನೈಲ್ ಅಥವಾ ಬಟ್ಟೆ ಒಗೆಯುವ ದ್ರವದ ಖಾಲಿ ಬಾಟಲಿ ಗಟ್ಟಿ ಇರುತ್ತದೆ. ಸೂಜಿಯನ್ನು ಅದರೊಳಗೆ ನೇರವಾಗಿ ಹಾಕಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ತಿರುಗಿಸಿ, ಟೇಪ್ ಸುತ್ತಿ, 'ಸೂಜಿ' ಅಂತ ಬರೆಯಿರಿ. ಮುಂದಿನ ತಪಾಸಣೆಗೆ ಹೋಗುವಾಗ ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಾರಾ ಕೇಳಿ. ಆಸ್ಪತ್ರೆಗಳ ಸೂಜಿ, ಬ್ಯಾಂಡೇಜುಗಳನ್ನು ಬೇರೆ ಬೇರೆ ಬಣ್ಣದ ಚೀಲ ಡಬ್ಬಗಳಲ್ಲಿ ಸಾಗಿಸುವ ವ್ಯವಸ್ಥೆ ಇದೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ಅದಕ್ಕಾಗಿಯೇ ಬಂದದ್ದು. ಯಾರಿಗಾದರೂ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

*ಮಾತ್ರೆ, ಸಿರಪ್.* ಕಮೋಡಿಗೆ ಹಾಕಿ ನೀರು ಬಿಡಬೇಡಿ. ಬಾವಿ ಇರುವ ಜಾಗದಲ್ಲಿ ಶೌಚದ ಗುಂಡಿಗೆ ಹೋದದ್ದು ಅಲ್ಲಿಗೇ ನಿಲ್ಲುವುದಿಲ್ಲ. ಅರ್ಧ ಉಳಿದ ಆ್ಯಂಟಿಬಯಾಟಿಕ್ ನೀರಿಗೆ, ಮಣ್ಣಿಗೆ ಸೇರಿದರೆ ಅಲ್ಲಿನ ರೋಗಾಣುಗಳಿಗೆ ಆ ಔಷಧಿಯನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಮಾತ್ರೆಯನ್ನು ಬಿಡಿಸದೆ ಅದರ ಸ್ಟ್ರಿಪ್ಪಿನಲ್ಲಿದ್ದ ಹಾಗೇ ಅಪಾಯದ ಡಬ್ಬಕ್ಕೆ ಹಾಕಿ. ವೈದ್ಯರು ಐದು ದಿನಕ್ಕೆ ಬರೆದ ಆ್ಯಂಟಿಬಯಾಟಿಕ್ಕನ್ನು ಎರಡೇ ದಿನಕ್ಕೆ ಬಿಟ್ಟು ಉಳಿಸುವ ಅಭ್ಯಾಸ ನಿಂತರೆ ಇಂಥ ಕಸ ಕಡಿಮೆ ಆಗುತ್ತದೆ, ಕಾಯಿಲೆಯೂ ಪೂರ್ತಿ ವಾಸಿಯಾಗುತ್ತದೆ.

*ಇನ್ವರ್ಟರ್ ಬ್ಯಾಟರಿ, ಮೊಬೈಲ್ ಬ್ಯಾಟರಿ.* ಮಳೆಗಾಲದ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ, ಹಾಗಾಗಿ ಮನೆ ಮನೆಯಲ್ಲೂ ಇನ್ವರ್ಟರ್. ಅದರ ದೊಡ್ಡ ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್ ಇದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಯವರೇ ತೆಗೆದುಕೊಂಡು ಬೆಲೆಯಲ್ಲಿ ಕಡಿತ ಕೊಡುತ್ತಾರೆ. ಅಲ್ಲಿಗೇ ಕೊಡಿ. ಮನೆಯಂಗಳದಲ್ಲಿ ಒಡೆದು ಸೀಸ ತೆಗೆಯುವವರಿಗೆ ನಾಲ್ಕು ಕಾಸು ಜಾಸ್ತಿ ಸಿಕ್ಕರೂ ಕೊಡಬೇಡಿ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ, ಆದ ಹಾನಿ ತಿರುಗಿ ಸರಿಯಾಗುವುದಿಲ್ಲ. ಮೊಬೈಲ್ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ತಗಡಿನ ಡಬ್ಬದಲ್ಲಿ ಒಣ ಮರಳು ಹಾಕಿ ಅದರೊಳಗಿಟ್ಟು, ಮನೆಯಿಂದ ಹೊರಗೆ ನೆರಳಿನಲ್ಲಿಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಅದನ್ನು ಮಾಡುವ ಕಂಪನಿಯದ್ದು. ಅಂಗಡಿಯಲ್ಲಿ ಧೈರ್ಯವಾಗಿ ಕೇಳಿ.

ಪ್ಯಾಡ್ ಮತ್ತು ಡೈಪರ್‌ಗೆ ಬೇರೆ ವ್ಯವಸ್ಥೆ ಬೇಕು. ಡೈಪರಿನಲ್ಲಿರುವ ಮಲವನ್ನು ಮೊದಲು ಶೌಚಾಲಯಕ್ಕೆ ಹಾಕಿ. ನಂತರ ಬಿಗಿಯಾಗಿ ಸುತ್ತಿ, ಹಳೆಯ ಪೇಪರಿನಲ್ಲಿ ಮಡಚಿ, ಮೇಲೆ ಕೆಂಪು ಗುರುತು ಹಾಕಿ ಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಿ. ಗುರುತು ನೋಡಿದರೆ ಯಾರೂ ಬಿಚ್ಚಲು ಹೋಗುವುದಿಲ್ಲ. ಇವುಗಳ ಒಳಗಿನ ಪುಡಿ ನೀರು ಹೀರಿ ಉಬ್ಬುತ್ತದೆ, ಶೌಚದ ಗುಂಡಿಗೆ ಬಿದ್ದರೆ ಪೈಪು ಕಟ್ಟುತ್ತದೆ. ಬಟ್ಟೆಯ ಪ್ಯಾಡ್, ಮುಟ್ಟಿನ ಕಪ್ ಬಳಸಲು ಮನಸ್ಸಿದ್ದರೆ ಈ ಕಸವೇ ಇಲ್ಲ. ಆದರೆ ಅದು ಬಳಸುವವರೇ ತೀರ್ಮಾನಿಸಬೇಕಾದ್ದು, ಮನೆಯವರು ಒತ್ತಾಯ ಮಾಡುವುದಲ್ಲ.

ಎರಡನೆಯದು: ಬಚ್ಚಲೊಲೆಗೆ ಪ್ಲಾಸ್ಟಿಕ್ ನಿಲ್ಲಿಸಿ

ಎಲ್ಲಕ್ಕಿಂತ ಹೆಚ್ಚು ಇದನ್ನು ಒತ್ತಿ ಹೇಳಬೇಕು ಅಂತ ನನಗೆ ಅನಿಸುತ್ತದೆ. ಯಾಕೆಂದರೆ ಇದನ್ನು ಮಾಡುವವರು ಕೆಟ್ಟ ಉದ್ದೇಶದಿಂದ ಮಾಡುವುದಿಲ್ಲ. ಆಷಾಢದ ಮಳೆ. ಕಟ್ಟಿಗೆ ಹಸಿ. ಬೆಳಿಗ್ಗೆ ಹಂಡೆ ನೀರು ಕಾಯಬೇಕು. ಹಾಲಿನ ಕೊಟ್ಟೆಯನ್ನೋ ಹಳೆಯ ಚಪ್ಪಲಿಯ ತುಂಡನ್ನೋ ಕೆಳಗಿಟ್ಟು ಕಡ್ಡಿ ಗೀರಿದರೆ ಬೆಂಕಿ ಸುಲಭವಾಗಿ ಹತ್ತುತ್ತದೆ. ಕಸವೂ ಮುಗಿಯಿತು, ನೀರೂ ಕಾಯಿತು ಅನಿಸುತ್ತದೆ.

ಪ್ಲಾಸ್ಟಿಕ್ ಮುಗಿಯುವುದಿಲ್ಲ, ಹೊಗೆಯಾಗುತ್ತದೆ. ಒಲೆಯ ಬೆಂಕಿಗೆ ಪ್ಲಾಸ್ಟಿಕ್ಕನ್ನು ಪೂರ್ತಿ ಉರಿಸುವಷ್ಟು ಕಾವೂ ಇಲ್ಲ, ಗಾಳಿಯೂ ಇಲ್ಲ. ಅರೆಬರೆ ಉರಿದ ಪ್ಲಾಸ್ಟಿಕ್ಕಿನಿಂದ ಬರುವ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಪಿವಿಸಿ ಪೈಪು, ವಯರಿನ ಕವಚ, ರೆಕ್ಸಿನ್ ಚೀಲ ಇವುಗಳಲ್ಲಿ ಕ್ಲೋರಿನ್ ಇದೆ. ಸುಟ್ಟಾಗ ಕಣ್ಣು ಗಂಟಲು ಉರಿಸುವ ಆಮ್ಲದ ಹೊಗೆ ಬರುತ್ತದೆ. ಜೊತೆಗೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅದು ಇದೆ. ಅದು ಬೇಗ ಕರಗುವುದಿಲ್ಲ. ಹುಲ್ಲಿನ ಮೇಲೆ ಕೂತು, ಹಸುವಿನ ಮೂಲಕ ಹಾಲಿನ ಕೊಬ್ಬಿಗೆ ಬರುತ್ತದೆ. ಒಲೆಯ ಮುಂದೆ ಕೂತು ಊದುವವರು ಯಾರು? ಹೆಚ್ಚಿನ ಮನೆಗಳಲ್ಲಿ ಅಮ್ಮ, ಅತ್ತೆ, ಅಜ್ಜಿ. ದಮ್ಮು ಇರುವ ಅಜ್ಜಿಗೆ ಆ ಹೊಗೆ ನೇರವಾಗಿ ತಾಗುತ್ತದೆ.

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಬಚ್ಚಲೊಲೆಯ ಬೂದಿ. ಅದರಲ್ಲೇ ಪಾತ್ರೆ ತಿಕ್ಕುತ್ತೇವೆ, ಬಸಳೆ ಬಳ್ಳಿಯ ಬುಡಕ್ಕೆ, ತೆಂಗಿಗೆ ಹಾಕುತ್ತೇವೆ. ಪ್ಲಾಸ್ಟಿಕ್ಕಿಗೆ ಹಾಕಿದ ಬಣ್ಣದಲ್ಲಿದ್ದ ಲೋಹಗಳು ಸುಟ್ಟ ಮೇಲೂ ಬೂದಿಯಲ್ಲೇ ಉಳಿಯುತ್ತವೆ. ಬೂದಿಯನ್ನು ಬಳಸುವ ಮನೆಯಾದರೆ ಒಲೆಗೆ ಕಟ್ಟಿಗೆ, ಕರಟ, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ಬಿಟ್ಟು ಬೇರೇನೂ ಹೋಗಬಾರದು.

ಬೆಂಕಿ ಹತ್ತಿಸಲು ಏನು ಮಾಡುವುದು? ಏಪ್ರಿಲ್, ಮೇ ತಿಂಗಳಲ್ಲೇ ಒಣ ತೆಂಗಿನ ಗರಿ, ಕರಟ, ಅಡಿಕೆ ಸೋಗೆ ಕಟ್ಟು ಕಟ್ಟಿ ಕಟ್ಟಿಗೆ ಮನೆಯ ಅಟ್ಟಕ್ಕೆ ಏರಿಸಿ. ನಾಳೆಗೆ ಬೇಕಾದ ನಾಲ್ಕು ಕಟ್ಟಿಗೆಯನ್ನು ಇವತ್ತೇ ಒಲೆಯ ಪಕ್ಕದಲ್ಲಿ ಒಣಗಲು ಇಡಿ. ಕರಟದ ಎರಡು ಚೂರು ಹೊತ್ತಿಕೊಂಡರೆ ಸಾಕು, ಹಸಿ ಕಟ್ಟಿಗೆಯೂ ಹಿಡಿಯುತ್ತದೆ.

ಮೂರನೆಯದು: ಹಸಿ ಕಸ, ಅದೂ ಮಳೆಗಾಲದಲ್ಲಿ

ಬೇಸಿಗೆಯಲ್ಲಿ ಗೊಬ್ಬರ ಮಾಡುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಜೂನ್ ಬಂದರೆ ತೊಂದರೆ. ಗುಂಡಿಗೆ ನೀರು ನುಗ್ಗುತ್ತದೆ, ಗಾಳಿ ಆಡುವುದಿಲ್ಲ, ಕಸ ಕೊಳೆತು ನಾರುತ್ತದೆ. ವಾಸನೆಗೆ ಇಲಿ ಬರುತ್ತದೆ, ನಾಯಿ ಬರುತ್ತದೆ, ಘಟ್ಟದ ಮೇಲಾದರೆ ಕಾಡುಹಂದಿಯೂ ಬರುತ್ತದೆ.

ಮೊದಲು ಜಾಗ. ಗೊಬ್ಬರಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ ಇರಲಿ, ನೆಲದ ಇಳಿಜಾರಿನಲ್ಲಿ ಬಾವಿಗಿಂತ ಕೆಳಗಿರಲಿ. ಗುಂಡಿಗಿಂತ ನೆಲದ ಮೇಲೆ ಕಟ್ಟಿದ ತೊಟ್ಟಿ ಮಳೆಗಾಲಕ್ಕೆ ಒಳ್ಳೆಯದು. ನಾಲ್ಕು ಗೂಟ ನೆಟ್ಟು, ಸುತ್ತ ಅಡಿಕೆ ದಬ್ಬೆ ಕಟ್ಟಿ, ಮೇಲೆ ತಗಡೋ ಸೋಗೆಯೋ ಹೊದಿಸಿದರೆ ಆಯಿತು.

ಎರಡನೆಯದು ಒಣ ಎಲೆ. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣದ್ದು ಬೇಕು. ಬೇಸಿಗೆಯಲ್ಲಿ ಗುಡಿಸಿದ ದರಕನ್ನು ಸುಡುವ ಬದಲು ಚೀಲಕ್ಕೆ ತುಂಬಿ ಒಣ ಜಾಗದಲ್ಲಿಡಿ. ಮಳೆಗಾಲದಲ್ಲಿ ಪ್ರತಿ ಸಲ ಹಸಿ ಕಸ ಹಾಕಿದ ಮೇಲೆ ಅದರ ಮೇಲೆ ದರಕು ಮುಚ್ಚಿ. ವಾಸನೆ ಬಂದರೆ ಒಣದ್ದು ಕಡಿಮೆ ಆಯಿತು ಅಂತ ಅರ್ಥ. ಇನ್ನೊಂದು ಬುಟ್ಟಿ ಸುರಿದು, ಕೋಲಿನಲ್ಲಿ ಕೆದಕಿ ಗಾಳಿ ಆಡುವಂತೆ ಮಾಡಿ. ಬಿಳಿ ಹುಳ ಕಂಡರೆ ಹೆದರಬೇಡಿ, ಅವು ಕಸ ತಿನ್ನಲು ಬಂದವು. ಎರಡು ತಿಂಗಳಲ್ಲಿ ಆಗುವ ಗೊಬ್ಬರಕ್ಕೆ ಮಳೆಗಾಲದಲ್ಲಿ ಮೂರು ತಿಂಗಳೂ ಬೇಕಾಗಬಹುದು. ಕೈಗೆ ತೆಗೆದುಕೊಂಡರೆ ಮಳೆ ಬಿದ್ದ ಕಾಡಿನ ಮಣ್ಣಿನ ವಾಸನೆ ಬರಬೇಕು.

ಮೀನಿನ ಮನೆಗಳಿಗೆ ಒಂದು ಮಾತು. ಬಂಗಡೆ, ತಾರ್ಲೆಯ ತಲೆ ಕರುಳು, ಶೆಟ್ಲಿಯ ಸಿಪ್ಪೆ ಬಿಸಿಲಲ್ಲಿ ಅರ್ಧ ದಿನ ಬಿಟ್ಟರೂ ಊರೆಲ್ಲ ನಾರುತ್ತದೆ. ಇದನ್ನು ಗಾಡಿ ಬರುವವರೆಗೆ ಇಟ್ಟುಕೊಳ್ಳುವುದೇ ಬೇಡ. ತೆಂಗಿನ ಮರದ ಬುಡದಿಂದ ಮೂರು ನಾಲ್ಕು ಅಡಿ ಆಚೆ, ಒಂದೂವರೆ ಅಡಿ ಆಳಕ್ಕೆ ತೋಡಿ, ಹಾಕಿ, ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಇಡಿ. ಕಲ್ಲು ಇಡದಿದ್ದರೆ ರಾತ್ರಿ ನಾಯಿ ಅಗೆಯುತ್ತದೆ. ಮುಂದಿನ ಸಲ ಬೇರೆ ಬದಿಗೆ. ಇದು ಬಾವಿಯಿಂದ ದೂರದ ಮರವಾಗಿರಲಿ. ಜಾಗ ಇಲ್ಲದವರು ಮೀನು ಮಾರುಕಟ್ಟೆಯಲ್ಲೇ ಸಾಪು ಮಾಡಿಸಿಕೊಂಡು ಬನ್ನಿ. ಹೊಳೆಗೆ, ಗಟಾರಕ್ಕೆ ಮಾತ್ರ ಹಾಕಬೇಡಿ.

ಒಣ ಕಸ

ಇದು ಸುಲಭ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಪ್ಲಾಸ್ಟಿಕ್, ಪೇಪರ್, ಗಾಜು, ತಗಡು, ಬಟ್ಟೆ, ಚಪ್ಪಲಿ ಎಲ್ಲ ಒಂದೇ ಚೀಲಕ್ಕೆ ಸಾಕು. ಮುಂದಿನ ವಿಂಗಡಣೆ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ ಆಗುತ್ತದೆ. ನಿಮ್ಮ ಕೆಲಸ ಎರಡೇ: ತೊಳೆಯುವುದು, ಒಣಗಿಸುವುದು. ಹಾಲಿನ ಕೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ. ಆ ಚೂರು ಕೈಗೆ ಸಿಗುವುದಿಲ್ಲ, ಬಚ್ಚಲ ನೀರಿನಲ್ಲಿ ಹೊರಟು ಹಳ್ಳ ಸೇರುತ್ತದೆ. ಅಂಚಿಗೆ ಅಂಟಿಕೊಂಡಿರುವಂತೆ ಸ್ವಲ್ಪ ಕತ್ತರಿಸಿದರೆ ಸಾಕು. ತೊಳೆದ ಕೊಟ್ಟೆಗಳನ್ನು ಅಡುಗೆ ಮನೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ. ಮಳೆಗಾಲದಲ್ಲಿ ಒದ್ದೆ ಪ್ಲಾಸ್ಟಿಕ್ ಚೀಲದೊಳಗೇ ಬೂಸು ಹಿಡಿಯುತ್ತದೆ, ಅದನ್ನು ಯಾವ ಗುಜರಿಯವರೂ ಮುಟ್ಟುವುದಿಲ್ಲ. ಒಡೆದ ಗಾಜನ್ನು ರಟ್ಟಿನಲ್ಲಿ ಸುತ್ತಿ 'ಗಾಜು' ಅಂತ ಬರೆದು ಕೊಡಿ. ಪೇಪರ್ ಲೋಟದ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಗೊಬ್ಬರಕ್ಕೆ ಬರುವುದಿಲ್ಲ. ಮದುವೆ, ಉಪನಯನ, ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬಂದ ನೆಂಟರ ಊಟ, ಏನೇ ಇರಲಿ, ಬಾಳೆ ಎಲೆ ಮತ್ತು ಸ್ಟೀಲ್ ಲೋಟಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ತೋಟ ಇರುವವರಿಗೆ, ಬೋಟು ಇರುವವರಿಗೆ

ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲ ಗೊತ್ತಲ್ಲ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಇಳಿದ ಮೇಲೆ ಉಳಿದ ನೀಲಿ ನೀರನ್ನು, ಡ್ರಮ್ ತೊಳೆದ ನೀರನ್ನು ಎಲ್ಲಿಗೆ ಚೆಲ್ಲುತ್ತೀರಿ? ತೋಟದ ಕಾಲುವೆಗೆ ಚೆಲ್ಲಿದರೆ ಅದು ಹಳ್ಳಕ್ಕೆ ಹೋಗುತ್ತದೆ. ಮೈಲುತುತ್ತದಲ್ಲಿರುವುದು ತಾಮ್ರ, ಮೀನಿಗೆ ಅದು ಕಡು ವಿಷ. ಅವತ್ತಿಗೆ ಬೇಕಾದಷ್ಟೇ ಕಲಸಿ, ಉಳಿದರೆ ಉಳಿದ ಮರಗಳಿಗೇ ಹೊಡೆದು ಮುಗಿಸಿ. ಡ್ರಮ್ಮನ್ನು ಸ್ವಲ್ಪ ಸ್ವಲ್ಪ ನೀರಿನಲ್ಲಿ ತೊಳೆದು, ಆ ನೀರನ್ನೂ ಹಾಗೇ ಮಾಡಿ.

ಬೇರೆ ಕೀಟನಾಶಕ, ಕಳೆನಾಶಕದ ಬಾಟಲಿ ಖಾಲಿಯಾದ ಕೂಡಲೇ ಮೂರು ಸಲ ತೊಳೆಯಬೇಕು. ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಆಮೇಲೆ ಬಾಟಲಿಯ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ. ಕಡೆಯದ್ದು ತುಂಬಾ ಮುಖ್ಯ. ತೂತಿಲ್ಲದ ಒಳ್ಳೆಯ ಬಾಟಲಿ ಕಂಡರೆ ಯಾರೋ ಎಣ್ಣೆಗೋ ನೀರಿಗೋ ಇಟ್ಟುಕೊಳ್ಳುತ್ತಾರೆ. ಹಾಗೆಯೇ ಫಿನೈಲ್, ಆಸಿಡ್, ಕಳೆನಾಶಕವನ್ನು ನೀರಿನ ಬಾಟಲಿಗೆ ಸುರಿದಿಡುವುದನ್ನು ಇವತ್ತೇ ನಿಲ್ಲಿಸಿ. ಬಾಯಾರಿ ಬಂದ ಮಗುವಿಗೆ ಬಾಟಲಿ ಕಾಣುತ್ತದೆ, ಒಳಗಿರುವುದು ಏನೆಂದು ಗೊತ್ತಾಗುವುದಿಲ್ಲ.

ಬೋಟಿನ ಎಂಜಿನ್ ಆಯಿಲ್ ಬದಲಿಸುವಾಗ ಹಳೆಯದನ್ನು ಕ್ಯಾನಿಗೆ ಹಿಡಿಯಿರಿ. ಬಳಸಿದ ಆಯಿಲ್ ಕಾನೂನಿನ ಪ್ರಕಾರವೂ ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವವರಿಗೇ ಹೋಗಬೇಕು, ಅವರಿಗೆ ಕೊಡುವ ಗ್ಯಾರೇಜನ್ನು ವಿಚಾರಿಸಿ ತಲುಪಿಸಿ. ಹರಿದ ನೈಲಾನ್ ಬಲೆಯ ತುಂಡನ್ನು ಕಡಲಿಗೆ ಬಿಟ್ಟರೆ ಅದು ಮೀನು ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ಹೊನ್ನಾವರದ ಕಾಸರಕೋಡಿನ ಕಡೆ ಮೊಟ್ಟೆ ಇಡಲು ಬರುವ ಕಡಲಾಮೆಗಳೂ ಸಿಕ್ಕಿಬೀಳುತ್ತವೆ. ತುಂಡುಗಳನ್ನು ದಡಕ್ಕೆ ತಂದು ಒಣ ಕಸಕ್ಕೆ ಹಾಕಿ.

ಹೊಳೆಗೆ ಬಿದ್ದದ್ದು ಊಟದ ತಟ್ಟೆಗೆ ಹೇಗೆ ಬರುತ್ತದೆ ಎಂಬುದಕ್ಕೆ ಅಘನಾಶಿನಿ ಹೊಳೆಯ ಬಳಚು, ಅಂದರೆ ಚಿಪ್ಪು ಮೀನು, ನೋಡಿ. ಬಳಚು ನೀರನ್ನು ಸೋಸಿ ಅದರಲ್ಲಿದ್ದುದನ್ನು ತಿಂದು ಬದುಕುತ್ತದೆ. ನೀರಿನಲ್ಲಿರುವ ಲೋಹ, ರೋಗಾಣು ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಆ ಅಳಿವೆ 2024ರಲ್ಲಿ ರಾಮ್ಸರ್ ತಾಣ ಎಂಬ, ಮುಖ್ಯ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿದೆ. ಬಳಚನ್ನು ಆರಿಸಿ ಮಾರಿ ಬದುಕುವ ಕುಟುಂಬಗಳಿಗೆ ಮೇಲಿನ ಊರಿನವರ ಕಸವೇ ಕೊನೆಗೆ ಎದುರಾಗುವುದು.

ಸೊಳ್ಳೆ ಮತ್ತು ಇಲಿ

ಡೆಂಗಿ ಸೊಳ್ಳೆಗೆ ಕೊಳಚೆ ಬೇಡ, ಸ್ವಚ್ಛ ಮಳೆ ನೀರು ಸಾಕು. ಕರಟ, ಟೈರು, ಐಸ್‌ಕ್ರೀಮ್ ಕಪ್ಪು, ಕಟ್ಟಿಗೆಗೆ ಹೊದಿಸಿದ ತಾಡಪಾಲಿನ ಮಡಿಕೆ, ಅಂಗಳದ ಹಳೆಯ ಒರಳು, ಫ್ರಿಜ್ಜಿನ ಹಿಂದಿನ ತಟ್ಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ ಹತ್ತು ದಿನ ಬೇಕು. ಅಷ್ಟರೊಳಗೆ ಒಮ್ಮೆ ಚೆಲ್ಲಿದರೆ ಸರಪಳಿ ಕಡಿಯುತ್ತದೆ. ಹಾಗಾಗಿ ವಾರಕ್ಕೊಂದು ದಿನ ಗೊತ್ತು ಮಾಡಿ ಮನೆ ಸುತ್ತ ಒಂದು ಸುತ್ತು ಹಾಕಿ. ಬರೀ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ. ಮೊಟ್ಟೆ ಅಲ್ಲಿ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಹಾಳೆಗಳನ್ನು ಮಗುಚಿ ಹಾಕಿ ಅಥವಾ ಒಟ್ಟು ಮಾಡಿ ಮಾಡಿನ ಕೆಳಗಿಡಿ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದನ್ನೂ ನೆನಪಿಡಿ.

ಇಲಿ ಜ್ವರ ಬರುವುದು ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ. ಕಾಲಿನ ಸಣ್ಣ ಗಾಯ, ಬಿರುಕು ಬಿಟ್ಟ ಹಿಮ್ಮಡಿ ಸಾಕು, ರೋಗಾಣು ಒಳಗೆ ಹೋಗುತ್ತದೆ. ಅನ್ನ ಸಾರು ಉಳಿದದ್ದನ್ನು ಮನೆ ಹಿಂದೆ ಸುರಿದಷ್ಟೂ ಇಲಿ ಜಾಸ್ತಿ. ಗದ್ದೆ, ತೋಟ, ಗಟಾರದ ಕೆಲಸಕ್ಕೆ ಗಂಬೂಟು ಹಾಕಿ, ಗಾಯವನ್ನು ಮುಚ್ಚಿ, ಬಂದ ಮೇಲೆ ಸೋಪಿನಲ್ಲಿ ಕಾಲು ತೊಳೆಯಿರಿ. ಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪು ಇವು ಒಟ್ಟಿಗೆ ಬಂದರೆ ಮಾತ್ರೆ ನುಂಗಿ ಮನೆಯಲ್ಲೇ ಮಲಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ 'ಹದಿನೈದು ದಿನದಿಂದ ನೀರಿನಲ್ಲಿ ಕೆಲಸ ಮಾಡುತ್ತಿದ್ದೆ' ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆ ಇದು. ತಡವಾದರೆ ಕಾಮಾಲೆ, ಮೂತ್ರಪಿಂಡದ ತೊಂದರೆಯವರೆಗೆ ಹೋಗುತ್ತದೆ.

ಕೊನೆಯದು: ಕೊಡುವುದು, ಕೇಳುವುದು

ಬೇರೆ ಮಾಡಿದ್ದನ್ನು ಸರಿಯಾದ ಕೈಗೆ ಕೊಡದಿದ್ದರೆ ಅಷ್ಟೂ ಕೆಲಸ ದಂಡ. ಹಳ್ಳಿಗಳಲ್ಲಿ ಸ್ವಚ್ಛ ವಾಹಿನಿ ಗಾಡಿ, ಅನೇಕ ಕಡೆ ಅದನ್ನು ನಡೆಸುವವರು ಸ್ತ್ರೀಶಕ್ತಿ, ಸಂಜೀವಿನಿ ಸಂಘದ ಹೆಂಗಸರು. ಗಾಡಿ ಬಂದಾಗ ಚೀಲ ಗೇಟಿಗೆ ನೇತುಹಾಕಿ ಒಳಗೆ ಹೋಗಬೇಡಿ. ಕೈಯಲ್ಲಿ ಕೊಟ್ಟು, 'ಅಕ್ಕಾ, ಇದರಲ್ಲಿ ಬಲ್ಬ್ ಇದೆ, ಇದರಲ್ಲಿ ಸೂಜಿ ಇದೆ' ಅಂತ ಬಾಯಿಬಿಟ್ಟು ಹೇಳಿ. ಅವರು ಗ್ಲೌಸ್ ಇಲ್ಲದೆ ಕೆಲಸ ಮಾಡುತ್ತಿದ್ದರೆ ಅದನ್ನು ಪಂಚಾಯಿತಿಯಲ್ಲಿ ಕೇಳಬೇಕಾದವರು ನಾವೇ. ಗಾಡಿಗೆ ಕೊಡುವ ತಿಂಗಳ ಶುಲ್ಕದಲ್ಲಿ ಚೌಕಾಸಿ ಮಾಡಬೇಡಿ, ಅವರ ಸಂಬಳ ಆ ದುಡ್ಡನ್ನೂ ನಂಬಿಕೊಂಡಿರುತ್ತದೆ.

ಅಪಾಯದ ಡಬ್ಬವನ್ನು ನಿಮ್ಮ ಊರಿನ ಗಾಡಿ ತೆಗೆದುಕೊಳ್ಳದೇ ಇರಬಹುದು. ಆಗ ಸಿಟ್ಟಿನಿಂದ ಹೊಂಡಕ್ಕೆ ಸುರಿಯಬೇಡಿ. ಹೊಂಡಕ್ಕೆ ಸುರಿಯುವುದಕ್ಕಿಂತ ಗಟ್ಟಿಯಾಗಿ ಮುಚ್ಚಿದ ಡಬ್ಬ ಮನೆಯಲ್ಲೇ ಕಾದಿರುವುದು ವಾಸಿ. ಈ ನಡುವೆ ಕೇಳುವ ಕೆಲಸ ಮಾಡಿ. ಮನೆಗಳ ಅಪಾಯದ ಕಸಕ್ಕೆ ಪ್ರತಿ 20 ಚದರ ಕಿಲೋಮೀಟರಿಗೆ ಒಂದಾದರೂ ಸಂಗ್ರಹ ಕೇಂದ್ರ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳಲ್ಲೇ ಬರೆದಿದ್ದರು. ಕಾರವಾರ, ಶಿರಸಿಯಂಥ ನಗರಸಭೆಯ ಊರಿನವರು ಆ ಕೇಂದ್ರ ಎಲ್ಲಿದೆ ಎಂದು ಕೇಳಿ. ಹಳ್ಳಿಯವರು ಗ್ರಾಮಸಭೆಯಲ್ಲಿ ಎತ್ತಿ: ತಿಂಗಳಿಗೆ ಯಾವ ದಿನ ಅಪಾಯದ ಕಸ ತೆಗೆದುಕೊಳ್ಳುತ್ತೀರಿ, ಅದನ್ನು ಎಲ್ಲಿಗೆ ಕಳಿಸುತ್ತೀರಿ, ಸ್ವಚ್ಛ ಸಂಕೀರ್ಣದಲ್ಲಿ ಅದಕ್ಕೆ ಬೇರೆ ಕಪಾಟು ಇದೆಯಾ, ಬೇಸಿಗೆಯಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದರೆ ಆರಿಸುವ ವ್ಯವಸ್ಥೆ ಏನು. ಬಾಯಿಮಾತಿಗೆ ಬಿಡಬೇಡಿ. ಅಕ್ಕಪಕ್ಕದ ಹತ್ತು ಮನೆಯವರು ಸಹಿ ಹಾಕಿ ಅರ್ಜಿ ಕೊಡಿ, ನಡಾವಳಿಯಲ್ಲಿ ಬರೆಸಿ, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಂಡು ಬನ್ನಿ.